ಶಾಲೆ ಕೆಲಸ ಬಿಟ್ಟು ರೊಟ್ಟಿ ಘಟಕ ಮಾಡಬೇಕು, 4.60 ಲಕ್ಷ ಕಡಿಮೆ ಬೀಳ್ತಿದೆ. ದಾವಣಗೆರೆಯವರು ದಾರಿ ಹೇಳಿ

ನಿಟುವಳ್ಳಿ ರೊಟ್ಟಿ:

ಎಲ್ಲರಿಗೂ ನಮಸ್ಕಾರ. ಖಾಸಗಿ ಶಾಲೆಯಲ್ಲಿ ಪ್ರೈಮರಿ ಟೀಚರ್ ಆಗಿದ್ದೀನಿ, ಸಂಬಳ 12,500. ಲಾಕ್‌ಡೌನ್‌ನಲ್ಲಿ ಸಂಬಳ ನಿಂತಾಗ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಕೊಡೋಕೆ ಶುರು ಮಾಡಿದ್ದು, ಈಗ ದಿನಕ್ಕೆ 180ರ ಹತ್ತಿರ ಹೋಗ್ತಿದೆ. ಎರಡು ಖಾನಾವಳಿ, ವಿದ್ಯಾನಗರದಲ್ಲಿ ಒಂದು ಪಿಜಿ, ನಡುನಡುವೆ ಫಂಕ್ಷನ್ ಆರ್ಡರ್. ಬೆಳಿಗ್ಗೆ ಶಾಲೆಗೆ ಹೊರಡೋ ಮುಂಚೆ ನಾನು, ಪಕ್ಕದ ಮನೆ ಅಕ್ಕ ಇಬ್ಬರೇ ತಟ್ಟೋದು. ಇದಕ್ಕಿಂತ ಜಾಸ್ತಿ ಕೇಳಿದವರಿಗೆ ಆಗಲ್ಲ ಅಂತ ಹೇಳಿ ಕಳಿಸ್ತಿದ್ದೀನಿ.

ಕೆಲಸ ಬಿಟ್ಟು, ಲೋಕಿಕೆರೆ ರಸ್ತೆ ಕಡೆ ಶೆಡ್ ಹಿಡಿದು, ಮೆಷಿನ್ ಹಾಕಬೇಕು ಅಂತ ಮನಸ್ಸು ಮಾಡಿದ್ದೀನಿ. ಹಾಕಿರೋ ಲೆಕ್ಕ ಇದು:

ರೊಟ್ಟಿ ಒತ್ತಿ ಬೇಯಿಸೋ ಮೆಷಿನ್ 2,85,000
ಹಿಟ್ಟಿನ ಗಿರಣಿ 70,000
ಹಿಟ್ಟು ನಾದೋ ಮೆಷಿನ್ 45,000
ಶೆಡ್ ಅಡ್ವಾನ್ಸ್ 1,00,000 (ಬಾಡಿಗೆ 9,000)
ತ್ರೀ ಫೇಸ್ ವೈರಿಂಗು, ಡಿಪಾಸಿಟ್ಟು 40,000
ಟೇಬಲ್, ರ‍್ಯಾಕ್, ಪ್ಯಾಕಿಂಗ್ ಸೀಲರ್ 35,000
ಜೋಳ, ಗ್ಯಾಸ್, ಕವರ್ 25,000

ಒಟ್ಟು 6 ಲಕ್ಷ. ನನ್ನ ಹತ್ತಿರ ಎಫ್‌ಡಿ 80,000, ಚೀಟಿ ಕಟ್ಟಿರೋದು 60,000. ಬಂಗಾರ ಇದೆ, ಅತ್ತೆಯವರು ಅದನ್ನ ಮುಟ್ಟಬೇಡ ಅಂದಿದ್ದಾರೆ. ನಮ್ಮನೆಯವರು ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದ್ದಾರೆ, 18,000 ಬರುತ್ತೆ. ಉಳಿದ 4.60 ಲಕ್ಷಕ್ಕೆ ಏನು ದಾರಿ? ಸಬ್ಸಿಡಿ ಇದೆ ಅಂತಾರೆ, ಯಾರಾದರೂ ತಗೊಂಡಿದ್ದೀರಾ?

ಹದಡಿ ರೋಡ್ ಹುಡುಗ:

ಅಕ್ಕಾ, ಯೋಚನೆ ಮಾಡ್ತಾ ಕೂತ್ರೆ ಆಗಲ್ಲ, ಇಳಿದುಬಿಡಿ. 1928ರಲ್ಲಿ ಬೆಳಗಾವಿ ಕಡೆಯ ಬೆಡಕಿಹಾಳದಿಂದ ಚೆನ್ನಮ್ಮ ಅನ್ನೋ ತಾಯಿ ಮಕ್ಕಳನ್ನ ಕಟ್ಕೊಂಡು ಈ ಊರಿಗೆ ಬಂದು ರಾಗಿ ದೋಸೆ ಹಾಕಿದ್ರಂತೆ. ಇವತ್ತು ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ. ಅವರೇನು ಪ್ರಾಜೆಕ್ಟ್ ರಿಪೋರ್ಟ್ ಬರೆದಿದ್ರಾ?

ಬಾಡಿಗೆ ಕಟ್ಟೋವನು:

1928ರಲ್ಲಿ ಶೆಡ್ಡಿಗೆ ಒಂದು ಲಕ್ಷ ಅಡ್ವಾನ್ಸ್ ಕೇಳ್ತಿರಲಿಲ್ಲ ತಮ್ಮಾ. ಆ ತಾಯಿ ಮೊದಲ ದಿನವೇ ಮೂರು ಲಕ್ಷದ ಮೆಷಿನ್ನೂ ತಂದಿರಲಿಲ್ಲ. ಒಲೆ ಹಚ್ಚಿ ಶುರು ಮಾಡಿದ್ರು.

ಲೆಕ್ಕದ ಮಂಡಿಪೇಟೆ:

ಮೇಡಂ, ದಾರಿ ಹೇಳೋ ಮುಂಚೆ ನಾಲ್ಕು ಪ್ರಶ್ನೆ. ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆದು ಬರೆದು ತಲೆ ಹಣ್ಣಾದವನು ನಾನು, ಕೇಳದೆ ಇರೋಕೆ ಆಗಲ್ಲ.

ಉದ್ರಿ ಎಷ್ಟು ಬರಬೇಕು? ಚೀಟಿ ನೋಂದಣಿ ಆಗಿರೋ ಕಂಪನಿಯದಾ, ಓಣಿಯದಾ? ಆಗಲ್ಲ ಅಂತ ಕಳಿಸಿದ ಆರ್ಡರ್ ದಿನಕ್ಕೆ ಎಷ್ಟಿತ್ತು, ಯಾರದು? ಗಿರಾಕಿಗಳ ದುಡ್ಡು ಯಾವ ಖಾತೆಗೆ ಬೀಳುತ್ತೆ?

ನಿಟುವಳ್ಳಿ ರೊಟ್ಟಿ:

ಸರ್, ಈಗ ಪುಸ್ತಕ ತೆಗೆದು ಕೂಡಿಸಿದೆ. ಒಂದು ಖಾನಾವಳಿ 38,000, ಪಿಜಿ 17,000, ಫಂಕ್ಷನ್‌ನವರು ಚಿಲ್ಲರೆ ಉಳಿಸಿಕೊಂಡಿದ್ದು 7,000. ಒಟ್ಟು 62,000. ಇಷ್ಟಿದೆ ಅಂತ ಗೊತ್ತೇ ಇರಲಿಲ್ಲ, ಯಾಕಂದ್ರೆ ಅವರು ಪೂರ್ತಿ ನಿಲ್ಲಿಸಲ್ಲ, ಐದು ಸಾವಿರ ಮೂರು ಸಾವಿರ ಕೊಡ್ತಾನೇ ಇರ್ತಾರೆ.

ಚೀಟಿ ನಮ್ಮ ಓಣಿಯದು, ಪರಿಚಯದವರೇ ನಡೆಸ್ತಾರೆ. ವಾಪಸ್ ಕಳಿಸಿದ್ದರಲ್ಲಿ ಒಂದು ಮೆಸ್ 120 ಕೇಳಿತ್ತು, ಪಿ.ಬಿ. ರಸ್ತೆಯ ಹೋಟೆಲ್ ಒಂದು ನೂರು. ಅವರು ಈಗಲೂ ಕೊಟ್ಟರೆ ತಗೋತೀವಿ ಅಂತಾರೆ. ದುಡ್ಡು ನಮ್ಮನೆಯವರ ಫೋನ್‌ಪೇ ನಂಬರಿಗೆ ಬರುತ್ತೆ, ಮೊದಲಿಂದ ಹಾಗೇ.

ಖಾನಾವಳಿಗೆ ರೊಟ್ಟಿಗೆ 8 ರೂಪಾಯಿ, ಫಂಕ್ಷನ್‌ಗೆ 10. ಒಂದು ಕೆ.ಜಿ. ಹಿಟ್ಟಿಗೆ ಇಪ್ಪತ್ತು ರೊಟ್ಟಿ ಬರುತ್ತೆ. ಬೀಸಿದ ಖರ್ಚೂ ಸೇರಿ ಹಿಟ್ಟು ಕೆ.ಜಿ.ಗೆ 42 ಬೀಳ್ತಿದೆ.

ಪಿಂಚಣಿ ಬ್ಯಾಂಕು:

ತಂಗೀ, ನಾಲ್ಕನೇ ಉತ್ತರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಾಲದ ಮೇಜಿನ ಆಚೆ ಬದಿ ಬಹಳ ವರ್ಷ ಕೂತವನು ನಾನು. ನೀವು ಇಷ್ಟು ವರ್ಷದಿಂದ ವ್ಯಾಪಾರ ಮಾಡ್ತಿದ್ದೀರಿ. ಆದರೆ ಕಾಗದದ ಮೇಲೆ ವ್ಯಾಪಾರ ಮಾಡ್ತಿರೋರು ನಿಮ್ಮ ಯಜಮಾನರು, ಅದೂ ಲಾರಿ ಬಿಡಿಭಾಗದ ಅಂಗಡಿಯಲ್ಲಿ ಸಂಬಳಕ್ಕಿರೋ ಮನುಷ್ಯ. ನೀವು ಅರ್ಜಿ ಹಿಡಿದು ಹೋದರೆ ಮ್ಯಾನೇಜರ್ ಕಣ್ಣಿಗೆ ಕಾಣೋದು 12,500 ಸಂಬಳದ ಟೀಚರ್ ಒಬ್ಬರು, ಹಿಂದೆ ಯಾವ ವ್ಯಾಪಾರವೂ ಇಲ್ಲ, ಏಕಾಏಕಿ 4.60 ಲಕ್ಷ ಕೇಳ್ತಿದ್ದಾರೆ ಅಂತ. ಬೇಡ ಅನ್ನೋದು ಅವನಿಗೆ ಸುಲಭ.

ಹಾಗಾಗಿ ಈ ವಾರವೇ ಮಾಡಬೇಕಾದ್ದು ಹೇಳ್ತೀನಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸೋದು, ನಿಮ್ಮ ಆಧಾರ್, ಪ್ಯಾನ್ ಮೇಲೆ ಮಾಡಿಸಿ. ಅದು ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ದುಡ್ಡು ಕೇಳೋ ವೆಬ್‌ಸೈಟ್ ಸಿಕ್ಕರೆ ಅದು ಬೇರೆಯವರದು ಅಂತ ತಿಳ್ಕೊಳ್ಳಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ನಿಮ್ಮ ಹೆಸರಲ್ಲೇ. ಘಟಕದ ಹೆಸರಲ್ಲಿ ಚಾಲ್ತಿ ಖಾತೆ ತೆಗೆದು, ಅದರ ಕ್ಯೂಆರ್ ಎಲ್ಲ ಗಿರಾಕಿಗಳಿಗೆ ಕಳಿಸಿ. ಜೋಳ ತಂದ ದುಡ್ಡು, ಪಕ್ಕದ ಮನೆಯವರಿಗೆ ಕೊಡೋ ಕೂಲಿ ಕೂಡ ಅದೇ ಖಾತೆಯಿಂದ ಹೋಗಲಿ. ಆರು ತಿಂಗಳ ಸ್ಟೇಟ್‌ಮೆಂಟ್ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬೇರೆ.

ನಿಮ್ಮ ಕ್ರೆಡಿಟ್ ವರದಿಯನ್ನೂ ತೆಗೆದು ನೋಡಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಯಾರಿಗೋ ಬೈಕ್ ಸಾಲಕ್ಕೆ ಜಾಮೀನು ಹಾಕಿದ್ದು, ಸಂಘದ ಸಾಲದ ಕಂತು ತಪ್ಪಿದ್ದು, ಎಲ್ಲ ಅಲ್ಲಿ ಕೂತಿರುತ್ತೆ. ಬ್ಯಾಂಕಿನವರು ನೋಡೋ ಮುಂಚೆ ನೀವು ನೋಡಿರಬೇಕು.

ಈಗ ಸಬ್ಸಿಡಿ. ನಿಮಗೆ ಹೊಂದೋದು ಪಿಎಂಎಫ್‌ಎಂಇ, ಕಿರು ಆಹಾರ ಸಂಸ್ಕರಣೆಯ ಯೋಜನೆ, 2020ರಲ್ಲಿ ಬಂದದ್ದು. ಕೇಂದ್ರದ್ದು ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕದಲ್ಲಿ ರಾಜ್ಯ ಶೇ 15 ಸೇರಿಸಿದ್ದರಿಂದ ಒಟ್ಟು ಶೇ 50, ಗರಿಷ್ಠ 15 ಲಕ್ಷ. ಕನಿಷ್ಠ ಶೇ 10 ನಿಮ್ಮ ಕೈಯಿಂದ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ನಮ್ಮ ರಾಜ್ಯದಲ್ಲಿ ಇದು ಕೃಷಿ ಇಲಾಖೆ ಕೈಲಿದೆ, ಈ ಸಾಲಿನ ಅನುದಾನ ಉಳಿದಿದೆಯಾ ಅಂತ ಅಲ್ಲೇ ಕೇಳಿ. ಆದರೆ ಎಲ್ಲರೂ ಮುಗ್ಗರಿಸೋ ಜಾಗ ಒಂದಿದೆ. ಸಬ್ಸಿಡಿ ನಿಮ್ಮ ಕೈಗೆ ಬರೋ ದುಡ್ಡಲ್ಲ. ಅದು ನಿಮ್ಮ ಸಾಲದ ಖಾತೆಗೆ ಜೋಡಿಸಿದ ಇನ್ನೊಂದು ಖಾತೆಯಲ್ಲಿ ಕೂರುತ್ತೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ನಡೀತಿದ್ದರೆ ಆಮೇಲೆ ಸಾಲಕ್ಕೆ ವಜಾ ಆಗುತ್ತೆ. ಅದೂ ಯಂತ್ರೋಪಕರಣದ ಲೆಕ್ಕಕ್ಕೆ, ಜೋಳ ಗ್ಯಾಸಿನ ಖರ್ಚಿಗಲ್ಲ. ಕಡಿಮೆ ಬೀಳೋ 4.60 ಲಕ್ಷವನ್ನ ಸಬ್ಸಿಡಿ ತುಂಬುತ್ತೆ ಅಂತ ಲೆಕ್ಕ ಹಾಕಿದ್ದರೆ ಇವತ್ತೇ ಅಳಿಸಿ.

ನಿರ್ವಾಹಕ:

"ದಾಖಲೆ ಬೇಡ, ಹತ್ತು ನಿಮಿಷದಲ್ಲಿ ಸಾಲ" ಅಂತ ಲಿಂಕ್ ಹಾಕಿದ್ದ ಎರಡು ಪೋಸ್ಟ್ ತೆಗೆಯಲಾಗಿದೆ. ಆ ಆ್ಯಪ್‌ಗಳು ನಿಮ್ಮ ಫೋನಿನ ಕಾಂಟ್ಯಾಕ್ಟ್, ಫೋಟೋ ಕೇಳುತ್ತವೆ. ಯಾಕೆ ಅನ್ನೋದು ಕಂತು ತಪ್ಪಿದ ದಿನ ಗೊತ್ತಾಗುತ್ತೆ. ಇನ್ನೊಮ್ಮೆ ಹಾಕಿದರೆ ಹೊರಗೆ.

ಚಳ್ಳಕೆರೆ ಬಸ್ಸು:

ಇದೇ ಥರ ನನ್ನದೂ ಇದೆ. ಫ್ಯಾಕ್ಟರಿ ಕೆಲಸ ಬಿಟ್ಟು ಕೆಎಎಸ್ ಓದೋಕೆ ಧಾರವಾಡಕ್ಕೆ ಹೋಗಬೇಕು ಅಂತ, ಒಂದೂವರೆ ವರ್ಷಕ್ಕೆ ದುಡ್ಡು ಹೊಂದಿಸಬೇಕು. ಮುದ್ರಾ ಸಾಲ ಸಿಗುತ್ತಾ?

ಪಿಂಚಣಿ ಬ್ಯಾಂಕು:

ಓದೋಕೆ ಮುದ್ರಾ ಸಿಗಲ್ಲಪ್ಪ, ಅದು ವ್ಯಾಪಾರ-ಉದ್ಯೋಗಕ್ಕೆ. ಬೇರೆ ಪೋಸ್ಟ್ ಹಾಕು, ನಿನ್ನ ಕಥೆ ಬೇರೆ. ಇಲ್ಲಿ ಎರಡೂ ಸೇರಿದರೆ ಯಾರಿಗೂ ಉತ್ತರ ಸಿಗಲ್ಲ.

ದುರ್ಗದ ಸೊಸೆ:

ಅಕ್ಕಾ, ನಾನು ಚಿತ್ರದುರ್ಗದಲ್ಲಿ ಶೇಂಗಾ ಚಟ್ನಿ, ಪುಠಾಣಿ ಚಟ್ನಿ, ಕಡಕ್ ರೊಟ್ಟಿ ಮಾಡಿ ಮಾರ್ತೀನಿ. ಪಿಎಂಎಫ್‌ಎಂಇನಲ್ಲೇ ಸಾಲ ತಗೊಂಡಿದ್ದು. ಬ್ಯಾಂಕ್ ಸರ್ ಹೇಳಿದ್ದೆಲ್ಲ ನಿಜ, ಇನ್ನೆರಡು ಮಾತು ಸೇರಿಸ್ತೀನಿ.

ಒಂದು, ಏಜೆಂಟ್ ಹತ್ತಿರ ಹೋಗಬೇಡಿ. ನನ್ನ ಹತ್ತಿರ ಒಬ್ಬರು ಫೈಲ್ ಮಾಡಿಕೊಡೋಕೆ ಸಾಲದಲ್ಲಿ ಇಷ್ಟು ಪರ್ಸೆಂಟ್ ಅಂತ ಕೇಳಿದ್ರು. ಈ ಯೋಜನೆಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ. ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್, ಬ್ಯಾಂಕ್ ಓಡಾಟಕ್ಕೆ ಅವರೇ ನಮ್ಮ ಜೊತೆ ಇರಬೇಕು. ಸಾಲ ಮಂಜೂರಾದ ಫೈಲ್ ಒಂದಕ್ಕೆ 20,000ದಂತೆ ಅವರಿಗೆ ಯೋಜನೆಯಿಂದಲೇ ಸಂಭಾವನೆ ಇದೆ, ಅರ್ಧ ಮಂಜೂರಾತಿ ಆದ ಮೇಲೆ, ಇನ್ನರ್ಧ ನೋಂದಣಿಗಳೆಲ್ಲ ಮುಗಿದ ಮೇಲೆ. ನಾವು ಕೊಡೋದು ಏನೂ ಇಲ್ಲ. ಹೆಸರು, ನಂಬರ್ ಕೃಷಿ ಇಲಾಖೆಯಲ್ಲಿ ಸಿಗುತ್ತೆ.

ಎರಡು, ಶೆಡ್ಡಿನ ಕಾಗದ. ನನ್ನ ಫೈಲ್ ಸಾಲಕ್ಕಾಗಿ ನಿಂತಿದ್ದಲ್ಲ, ಬಾಡಿಗೆ ಕರಾರಿಗಾಗಿ ನಿಂತಿದ್ದು. ಎಲ್ಲರ ಥರ 11 ತಿಂಗಳ ಕರಾರು ಕೊಟ್ಟಿದ್ದೆ. ಐದು ವರ್ಷದ ಸಾಲಕ್ಕೆ 11 ತಿಂಗಳ ಕಟ್ಟಡನಾ ಅಂದ್ರು. ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ಅಂದ್ರೆ ನೋಂದಣಿ ಆಗಲೇಬೇಕು. ನೋಂದಣಿ ಅಂದ ಕೂಡಲೇ ನಮ್ಮ ಮಾಲೀಕರು "ನಮ್ಮ ಜಾಗ ನಿಮ್ಮ ಹೆಸರಿಗೆ ಹೋಗುತ್ತಾ" ಅಂತ ಗಾಬರಿ. ಅವರ ಮಗನ್ನ ಕೂರಿಸಿಕೊಂಡು ತಿಳಿಸಿ ಹೇಳಿದ ಮೇಲೆ ಒಪ್ಪಿದ್ದು. ಅಡ್ವಾನ್ಸ್ ಕೊಡೋ ಮುಂಚೆಯೇ ಈ ಮಾತು ಆಡಿಬಿಡಿ. ದುಡ್ಡು ಕೈಗೆ ಹೋದ ಮೇಲೆ ಯಾರೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬರಲ್ಲ.

ಆಮೇಲೆ ಒಂದು ಗುಟ್ಟು, ಗುಟ್ಟೇನಲ್ಲ ಬಿಡಿ. ರೊಟ್ಟಿಯಲ್ಲಿ ಹೆಸರು ಬರುತ್ತೆ, ದುಡ್ಡು ಬರೋದು ಚಟ್ನಿಪುಡಿಯಲ್ಲಿ. ರೊಟ್ಟಿ ಜೊತೆ ಕಾಲು ಕೆ.ಜಿ. ಶೇಂಗಾ ಚಟ್ನಿ ಹೋಗೋ ಹಾಗೆ ನೋಡ್ಕೊಳ್ಳಿ.

ಕರೂರು ವೆಲ್ಡರ್:

ಮೆಷಿನ್ ಬಗ್ಗೆ ನಾನು ಹೇಳ್ತೀನ್ರಿ, ಇಂಥ ಮೆಷಿನ್ ರಿಪೇರಿಗೆ ನಮ್ಮ ಹತ್ರ ಬರ್ತಾವು. ಗೋಧಿ ಚಪಾತಿಗೆ ಮಾಡಿದ ಮೆಷಿನ್ನೇ ಜೋಳಕ್ಕೂ ಆಗ್ತೈತಿ ಅಂತ ಮಾರ್ತಾರ. ಜೋಳದಾಗ ಗೋಧಿಯಂಗ ಜಿಗಿ ಇರಲ್ಲ, ಅದಕ್ಕ ನೀವು ಕುದಿಯೋ ನೀರು ಹಾಕಿ ನಾದ್ತೀರಿ. ಹಿಟ್ಟು ಸ್ವಲ್ಪ ಆರಿದ್ರೂ ಒತ್ತಿದಾಗ ಅಂಚು ಸೀಳ್ತೈತಿ, ಬಿಸಿ ಜಾಸ್ತಿ ಆದ್ರ ಪ್ಲೇಟಿಗೆ ಹಿಡೀತೈತಿ. ಡೆಮೊ ನೋಡಾಕ ಹೋದಾಗ ಅವರು ಇಟ್ಟಿರೋ ಹಿಟ್ಟಿನಾಗ ನೋಡಬ್ಯಾಡ್ರಿ. ನಿಮ್ಮ ಮನಿ ಹಿಟ್ಟು ಐದು ಕೆ.ಜಿ. ಒಯ್ದು, ಒಂದು ತಾಸು ಬಿಡದಂಗ ಓಡಿಸ್ರಿ ಅನ್ರಿ. ಮೊದಲ ಇಪ್ಪತ್ತು ರೊಟ್ಟಿ ಎಲ್ಲಾ ಮೆಷಿನ್ನಾಗೂ ಚಂದ ಬರ್ತಾವು. ಪ್ಲೇಟ್ ಕಾದು ಕಾದು ಬಂದ ಮ್ಯಾಲ ಏನು ಬರ್ತೈತಿ ಅದು ನೋಡ್ರಿ.

ಇನ್ನೊಂದು, ಹೀಟರ್ ಕಾಯಿಲ್ ಸುಟ್ರ ಎಷ್ಟು ದಿನಕ್ಕ ಬರ್ತೈತಿ ಅಂತ ಕೇಳ್ರಿ. ಕೊಯಮತ್ತೂರಿಂದ ಬರಬೇಕು ಅಂದ್ರ ನಿಮ್ಮ ಖಾನಾವಳಿಯವರು ಅಲ್ಲೀತನ ಕಾಯಂಗಿಲ್ಲ. ಬೆಸ್ಕಾಂ ಕನೆಕ್ಷನ್ ಕಮರ್ಷಿಯಲ್ ಎಲ್‌ಟಿ-3ನಾ, ಕೈಗಾರಿಕೆಯ ಎಲ್‌ಟಿ-5ನಾ ಅಂತನೂ ಅರ್ಜಿ ಹಾಕುವಾಗ್ಲೇ ಖಾತ್ರಿ ಮಾಡ್ಕೊರಿ. ಆಮ್ಯಾಲ ಬದಲಿ ಮಾಡ್ಸೋದು ದೊಡ್ಡ ಕಿರಿಕಿರಿ.

ಬಾಡಿಗೆ ಕಟ್ಟೋವನು:

ವೆಲ್ಡರ್ ಅಣ್ಣಾ, ಅಂದ್ರೆ ಮೆಷಿನ್ ಬೇಡ ಅಂತೀರಾ?

ಕರೂರು ವೆಲ್ಡರ್:

ಬ್ಯಾಡ ಅಂದ್ರ ನನ್ನ ಹೊಟ್ಟಿ ಮ್ಯಾಲ ನಾನೇ ಹೊಡ್ಕೊಂಡಂಗ. ಈಗ್ಲೇ ಬ್ಯಾಡ ಅಂತೀನಿ.

ಲೆಕ್ಕದ ಮಂಡಿಪೇಟೆ:

ಮೇಡಂ, ರಾತ್ರಿ ಊಟ ಆದ ಮೇಲೆ ಕೂತು ಹಾಕಿದ ಲೆಕ್ಕ ಇದು. ಕೋಪ ಮಾಡ್ಕೋಬೇಡಿ.

ಈಗ 180 ರೊಟ್ಟಿ, 8 ರೂಪಾಯಿ, ತಿಂಗಳಿಗೆ 26 ದಿನ. ಬರೋದು 37,440. ಹಿಟ್ಟಿಗೆ 9,800 ಹೋಗುತ್ತೆ. ಅಕ್ಕನ ಕೂಲಿ, ಗ್ಯಾಸ್, ಕವರ್ ಸೇರಿ 12-13 ಸಾವಿರ ಅಂದುಕೊಂಡೆ. ಉಳಿಯೋದು 15,000. ಶಾಲೆ ಸಂಬಳ ಸೇರಿ ನಿಮ್ಮ ಕೈಗೆ 27,500.

ನಿಮಗೆ ಖಚಿತವಾಗಿ ಗೊತ್ತಿರೋ ಗಿರಾಕಿಗಳು 180ರ ಜೊತೆ 120, 100. ಒಟ್ಟು 400. ಅದರಲ್ಲಿ ನೂರು ಫಂಕ್ಷನ್ ರೇಟಿನಲ್ಲೇ ಹೋಯ್ತು ಅಂತ ಉದಾರವಾಗಿ ಹಿಡಿದರೂ ತಿಂಗಳಿಗೆ 88,400. ಹಿಟ್ಟು 21,800, ಮೂವರ ಕೂಲಿ 21,000, ಗ್ಯಾಸ್ 9,000, ಒಳರಸ್ತೆಯ ಶೆಡ್ ಅಂದರೂ ಬಾಡಿಗೆ 6,000, ಆಟೊ, ಕವರ್, ಕರೆಂಟ್ 6,500. ಉಳಿಯೋದು 24,000. ಅಂದರೆ ದುಪ್ಪಟ್ಟಿಗಿಂತ ಜಾಸ್ತಿ ಕೆಲಸ ಮಾಡಿ, ಸಂಬಳ ಬಿಟ್ಟು, ಈಗಿನದಕ್ಕಿಂತ ಮೂರೂವರೆ ಸಾವಿರ ಕಡಿಮೆ. ಇದರ ಮೇಲೆ 4.60 ಲಕ್ಷದ ಸಾಲ ಇಟ್ಟರೆ, ಐದು ವರ್ಷಕ್ಕೆ ಶೇ 11ರಂತೆ ಕಂತೇ 10,000. ಮನೆಗೆ 14,000.

ದಿನಕ್ಕೆ 600 ದಾಟಿದರೆ ಚಿತ್ರವೇ ಬೇರೆ, 39 ಸಾವಿರದ ಆಸುಪಾಸು ಉಳಿಯುತ್ತೆ. ಹಾಗಾಗಿ ನಿಮಗೆ ಕಡಿಮೆ ಬಿದ್ದಿರೋದು ಮೊದಲು 200 ರೊಟ್ಟಿಯ ಗಿರಾಕಿ, ದುಡ್ಡು ಆಮೇಲೆ.

ಪಟ್ಟಿಗೆ ಬರೋಣ. ಗಿರಣಿ ತೆಗೀರಿ, ಊರಲ್ಲಿ ಗಿರಣಿಗೆ ಬರವಿಲ್ಲ. ರೋಡಿನ ಮುಖದ ಶೆಡ್ ತೆಗೀರಿ, ಖಾನಾವಳಿಯವನು ನಿಮ್ಮ ಬೋರ್ಡ್ ನೋಡಿ ರೊಟ್ಟಿ ತಗೊಳಲ್ಲ. ಒಳಗಡೆ 40,000 ಅಡ್ವಾನ್ಸಿಗೆ ಸಿಗುತ್ತೆ. ಮೆಷಿನ್ ಸದ್ಯಕ್ಕೆ ಬೇಡ, ಹಾಗಾಗಿ ತ್ರೀ ಫೇಸೂ ಬೇಡ, ವೈರಿಂಗ್ 10,000. ರ‍್ಯಾಕು ಟೇಬಲ್ಲು ಹಳೇದು ಹುಡುಕಿ, 20,000. ನಾದೋ ಮೆಷಿನ್ 45,000 ಇರಲಿ, ತೋಳು ಉಳಿಯುತ್ತೆ. ಆದರೆ ಜೋಳ-ಗ್ಯಾಸಿಗೆ ಅಂತ ಇಟ್ಟಿರೋ 25,000 ಎಲ್ಲಿಗೂ ಸಾಲಲ್ಲ. ಖಾನಾವಳಿ ಒಂದು ತಿಂಗಳು ತಡವಾಗಿ ಕೊಡುತ್ತೆ ಅಂದ ಮೇಲೆ ಎರಡು ತಿಂಗಳ ಖರ್ಚು ಕೈಯಲ್ಲಿರಬೇಕು, 1,30,000. ಎಲ್ಲ ಕೂಡಿಸಿ 2,45,000.

ನಿಮ್ಮ ಹತ್ತಿರ ಎಫ್‌ಡಿ 80,000, ಉದ್ರಿ 62,000. ಓಣಿ ಚೀಟಿ ಎತ್ತಿ ಕೈಗೆ ಬರೋ ತನಕ ನಾನು ಅದನ್ನ ದುಡ್ಡು ಅಂತ ಬರೆಯಲ್ಲ. 1982ರ ಚೀಟಿ ಕಾಯ್ದೆ ಪ್ರಕಾರ ನೋಂದಣಿ ಆದ ಚೀಟಿಯಲ್ಲಿ ನಡೆಸೋರ ಕಮಿಷನ್‌ಗೂ ಶೇ 7ರ ಮಿತಿ ಇದೆ, ದೂರು ಕೊಡೋಕೆ ಜಾಗವೂ ಇದೆ. ಓಣಿ ಚೀಟಿಯಲ್ಲಿ ಇರೋದು ಮುಖ ಪರಿಚಯ ಒಂದೇ. ಹಾಗಾಗಿ ಕಡಿಮೆ ಬೀಳೋದು 1,03,000. ಚೀಟಿ ಬಂದರೆ 43,000.

ನಿಟುವಳ್ಳಿ ರೊಟ್ಟಿ:

ಸರ್, ಎರಡು ಸಲ ಓದಿದೆ. ನಮ್ಮನೆಯವರಿಗೂ ಓದಿಸಿದೆ. 24,000 ನೋಡಿ ಅವರು ನಗ್ತಾ ಇದ್ದಾರೆ, ನನಗೆ ನಗು ಬರ್ತಿಲ್ಲ. ಆದರೆ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಒಂದೇ ಒಂದು ತಕರಾರು. ಕೈ ರೊಟ್ಟಿಗೆ ಜನ ಸಿಗಲ್ಲ ಅಂತಲೇ ನಾನು ಮೆಷಿನ್ ಕಡೆ ನೋಡಿದ್ದು. ತಟ್ಟೋಕೆ ಬರೋರು ಮದುವೆ ಸೀಸನ್ ಬಂದರೆ ಅಡುಗೆ ಕಂಟ್ರಾಕ್ಟ್‌ದಾರರ ಜೊತೆ ಹೋಗ್ತಾರೆ. ಅಲ್ಲಿ ಒಂದು ದಿನಕ್ಕೆ ಸಿಗೋದು ನಾನು ವಾರಕ್ಕೆ ಕೊಡಬೇಕು.

ಹೊನ್ನಾಳಿ ಅತ್ತಿಗೆ:

ಅದಕ್ಕೆ ದಿನಗೂಲಿ ಬೇಡ, ರೊಟ್ಟಿ ಲೆಕ್ಕದಲ್ಲಿ ಕೊಡಿ. ನಮ್ಮ ಕಡೆ ಹಾಗೇ. ಬೆಳಿಗ್ಗೆ ಎರಡೂವರೆ ಮೂರು ತಾಸು ಬಂದು ತಟ್ಟಿ, ಮಕ್ಕಳನ್ನ ಸ್ಕೂಲಿಗೆ ಕಳಿಸೋ ಹೊತ್ತಿಗೆ ಮನೆಗೆ ಹೋಗ್ತಾರೆ. ಇಡೀ ದಿನ ಬೇಕು ಅಂದ್ರೆ ಯಾರೂ ಬರಲ್ಲ, ಬೆಳಿಗ್ಗೆ ಮಾತ್ರ ಅಂದ್ರೆ ಓಣಿಯಲ್ಲೇ ಸಿಕ್ತಾರೆ. ಸ್ತ್ರೀಶಕ್ತಿ ಸಂಘದಲ್ಲಿ ಕೇಳಿ ನೋಡಿ. ಸಂಘದ ಸದಸ್ಯರಾಗಿದ್ದು ಆಹಾರ ಪದಾರ್ಥ ಮಾಡೋರಿಗೆ ಇದೇ ಪಿಎಂಎಫ್‌ಎಂಇಯಲ್ಲಿ ಸದಸ್ಯರಿಗೆ ತಲಾ 40,000ದವರೆಗೆ ಬೀಜಧನ ಸಂಘದ ಮೂಲಕ ಸಾಲವಾಗಿ ಸಿಗುತ್ತೆ. ಸಣ್ಣ ಸಾಮಾನು, ಜೋಳ ತರೋಕೆ ಆಗುತ್ತೆ. ಮೈಕ್ರೋ ಫೈನಾನ್ಸ್‌ನವರ ವಾರದ ಕಂತಿಗೆ ಮಾತ್ರ ಕೈ ಹಾಕಬೇಡಿ. ನಿಮ್ಮ ದುಡ್ಡು ಬರೋದು ತಿಂಗಳಿಗೆ, ಅವರು ಬಾಗಿಲಿಗೆ ಬರೋದು ವಾರಕ್ಕೆ.

ಹದಡಿ ರೋಡ್ ಹುಡುಗ:

ಪಿಎಂಇಜಿಪಿ, ಉದ್ಯೋಗಿನಿ ಅಂತ ಇನ್ನೆರಡು ಸಬ್ಸಿಡಿ ಸಾಲದ ಯೋಜನೆ ಇದಾವಲ್ಲ, ಅವುಗಳ ಬಗ್ಗೆ ಯಾರೂ ಹೇಳ್ಲಿಲ್ಲ?

ಪಿಂಚಣಿ ಬ್ಯಾಂಕು:

ಉದ್ಯೋಗಿನಿಯಲ್ಲಿ ಕುಟುಂಬದ ಆದಾಯಕ್ಕೆ ಮಿತಿ ಇದೆ. ಯಜಮಾನರ ಸಂಬಳ, ಇವರ ಸಂಬಳ ಸೇರಿದರೆ ದಾಟಿಹೋಗುತ್ತೆ. ಪಿಎಂಇಜಿಪಿಯಲ್ಲಿ ಮಹಿಳೆಯರಿಗೆ ನಗರದಲ್ಲಿ ಶೇ 25, ಗ್ರಾಮೀಣದಲ್ಲಿ ಶೇ 35, ಕೈಯಿಂದ ಹಾಕೋದು ಶೇ 5 ಸಾಕು. ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಒಂದೇ ಘಟಕಕ್ಕೆ ಎರಡು ಸಬ್ಸಿಡಿ ಬೇರೆ ಸಿಗಲ್ಲ. ಇವರಿಗೆ ಮುಂದೆ ಮೆಷಿನ್ ತಗೊಳ್ಳುವಾಗ ಪಿಎಂಎಫ್‌ಎಂಇಯ ಶೇ 50ರದ್ದು ಲಾಭ, ಅದನ್ನ ಈಗ ಸಣ್ಣದಕ್ಕೆ ಖರ್ಚು ಮಾಡೋದು ಬೇಡ.

ಈಗಿನ ಒಂದು ಲಕ್ಷಕ್ಕೆ ಮುದ್ರಾ ಕಿಶೋರ್ ಸಾಕು. 50,000 ದಾಟಿದ್ದು, 5 ಲಕ್ಷದವರೆಗಿನದು ಆ ಗುಂಪು. ಆಸ್ತಿ ಅಡಮಾನ ಕೇಳೋ ಹಾಗಿಲ್ಲ. ಮೂರು ವರ್ಷಕ್ಕೆ ಶೇ 11ರ ಲೆಕ್ಕದಲ್ಲಿ ಕಂತು 3,300ರ ಹತ್ತಿರ. ಇದನ್ನ ಸರಿಯಾಗಿ ಕಟ್ಟಿದರೆ ಮೆಷಿನ್ ಸಾಲಕ್ಕೆ ಹೋಗುವಾಗ ನೀವು ಟೀಚರ್ ಅಲ್ಲ, ಹಳೇ ಗಿರಾಕಿ.

ಉದ್ರಿ ವಿಚಾರ. ಉದ್ಯಮ್ ನೋಂದಣಿ ಆದ ಕಿರು ಘಟಕಕ್ಕೆ, ಬರಹದ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನದೊಳಗೆ ಖರೀದಿದಾರ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಹೇಳುತ್ತೆ. ತಡವಾದರೆ ಬಡ್ಡಿಯೂ ಉಂಟು.

ಬಾಡಿಗೆ ಕಟ್ಟೋವನು:

ಸರ್, ಖಾನಾವಳಿಯವನ ಮೇಲೆ ಕಾಯ್ದೆ ಹಾಕಿದರೆ ಮಾರನೇ ದಿನ ಅವನು ಬೇರೆ ಕಡೆ ರೊಟ್ಟಿ ತಗೋತಾನೆ.

ಲೆಕ್ಕದ ಮಂಡಿಪೇಟೆ:

ಹೌದು, ಕಾಯ್ದೆ ತೋರಿಸೋದು ಬೇಡ. "ಘಟಕ ಮಾಡ್ತಿದ್ದೀನಿ, ಇನ್ನು ಮೇಲೆ ವಾರದ ಲೆಕ್ಕ, ಹಳೇದು ವಾರಕ್ಕೆ ಮೂರು ಸಾವಿರದಂತೆ ಇಳಿಸ್ತಾ ಬನ್ನಿ" ಅನ್ನಿ. ಸೋಮವಾರ ಬಿಲ್ ಕಳಿಸಿ, ಹೊಸ ಕ್ಯೂಆರ್ ಜೊತೆಗೇ. ವಾರದ ಲೆಕ್ಕಕ್ಕೆ ಬಂದರೆ ಆ 1,30,000 ಕೂಡ ಅಷ್ಟು ಬೇಕಾಗಲ್ಲ. ಒಪ್ಪದವನಿಗೆ ಕೊಡೋ ರೊಟ್ಟಿಯನ್ನ ಆ ಪಿ.ಬಿ. ರಸ್ತೆ ಹೋಟೆಲಿಗೆ ಕೊಡಿ. ನಿಮಗೆ ಈಗ ಗಿರಾಕಿ ಜಾಸ್ತಿ, ರೊಟ್ಟಿ ಕಡಿಮೆ. ಮಾತಾಡೋಕೆ ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ.

ಎಂಸಿಸಿ ಬಿ ಬ್ಲಾಕ್:

ನಾನೂ ಟೀಚರ್. ಎಲ್ಲರೂ ಕೆಲಸ ಬಿಡಬೇಕಾ ಬೇಡವಾ ಅಂತ ಮಾತಾಡ್ತಿದ್ದೀರಿ, ಬೇಸಿಗೆ ರಜೆ ಯಾಕೆ ಯಾರಿಗೂ ನೆನಪಾಗ್ತಿಲ್ಲ? ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ಶಾಲೆ ಇಲ್ಲ. ಮದುವೆ, ಗೃಹಪ್ರವೇಶ, ಜಾತ್ರೆ ಎಲ್ಲ ಅದೇ ಹೊತ್ತಿಗೆ. ರಾಜೀನಾಮೆ ಕೊಡದೆ ಆ ಒಂದೂವರೆ ತಿಂಗಳು 400, 500 ಮಾಡಿ ನೋಡಿ. ಜನ ಬರ್ತಾರಾ, ಬೆನ್ನು ತಡೆಯುತ್ತಾ, ದುಡ್ಡು ವಾರಕ್ಕೆ ಬರುತ್ತಾ, ಎಲ್ಲ ಗೊತ್ತಾಗುತ್ತೆ. ಶಾಲೆ ಶುರುವಾಗೋ ಮುಂಚೆ ತೀರ್ಮಾನ ಮಾಡಿದರೆ ಮ್ಯಾನೇಜ್‌ಮೆಂಟ್‌ನವರಿಗೂ ಇನ್ನೊಬ್ಬರನ್ನ ಹುಡುಕೋಕೆ ಸಮಯ ಸಿಗುತ್ತೆ, ಮಕ್ಕಳನ್ನ ನಡುವೆ ಬಿಟ್ಟು ಬಂದ ಹಾಗೂ ಆಗಲ್ಲ.

ದುರ್ಗದ ಸೊಸೆ:

ಇದು ಸರಿಯಾದ ಮಾತು. ಮತ್ತೆ ಹಿಂಗಾರಿ ಜೋಳ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತೆ. ಆಗಲೇ ಬಿಳಿಜೋಳ ತೆಗೆದಿಟ್ಟುಕೊಳ್ಳಿ, ಚೀಲ ಚೆನ್ನಾಗಿ ಒಣಗಿಸಿ ಇಟ್ಟರೆ ಕಾಳು ಕೆಡಲ್ಲ. ಬೀಸೋದು ಮಾತ್ರ ವಾರಕ್ಕೆ ಬೇಕಾದಷ್ಟೇ. ಜೋಳದ ಹಿಟ್ಟು ಹಳೇದಾದರೆ ಕಹಿ ಬರುತ್ತೆ, ರೊಟ್ಟಿನೂ ಹರಿಯುತ್ತೆ. ತರಬೇತಿ ಬೇಕು ಅಂದ್ರೆ ನಿಮ್ಮೂರಲ್ಲೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ನಮ್ಮಲ್ಲಿ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. ರುಡ್‌ಸೆಟ್‌ನಲ್ಲಿ ಊಟ, ವಸತಿ ಉಚಿತ. ರೊಟ್ಟಿ ನಿಮಗೆ ಯಾರೂ ಕಲಿಸಬೇಕಿಲ್ಲ, ಲೇಬಲ್ಲು, ಪ್ಯಾಕಿಂಗು, ಲೆಕ್ಕ ಕಲಿಯೋಕೆ ಹೋಗಿ.

ನಿಟುವಳ್ಳಿ ರೊಟ್ಟಿ:

ಎಲ್ಲರಿಗೂ ಒಟ್ಟಿಗೆ ಹೇಳ್ತಿದ್ದೀನಿ. ಲೋಕಿಕೆರೆ ರಸ್ತೆ ಶೆಡ್ಡಿನವರಿಗೆ ಬೇಡ ಅಂತ ಫೋನ್ ಮಾಡಿದೆ. ನಮ್ಮ ಹಿಂದಿನ ರಸ್ತೆಯಲ್ಲಿ ಹಳೇ ಟೈಲರ್ ಅಂಗಡಿಯ ಹಿಂಭಾಗ ಖಾಲಿ ಇದೆ. ನೀರು ಇದೆ, ಹೊಗೆ ಹೋಗೋಕೆ ಕಿಟಕಿ ಇದೆ. ಮೂರು ವರ್ಷದ ಕರಾರು ನೋಂದಣಿ ಮಾಡಿಸ್ತೀರಾ ಅಂತ ಮೊದಲೇ ಕೇಳಿದೆ, ಮಗನ ಹತ್ತಿರ ಮಾತಾಡಿ ಹೇಳ್ತೀನಿ ಅಂದಿದ್ದಾರೆ. ಉದ್ಯಮ್ ಆಯ್ತು. ಖಾತೆಗೆ ಅರ್ಜಿ ಕೊಟ್ಟಿದ್ದೀನಿ. ಪಿಜಿಯವರು ವಾರದ ಲೆಕ್ಕಕ್ಕೆ ಒಪ್ಪಿದ್ರು. 38,000ದ ಖಾನಾವಳಿಯವರು "ನೋಡೋಣ ಮೇಡಂ" ಅಂದಿದ್ದಾರೆ, ಅದರ ಅರ್ಥ ಎಲ್ಲರಿಗೂ ಗೊತ್ತಲ್ಲ.

ಅತ್ತೆಯವರಿಗೂ ಎಲ್ಲ ಓದಿ ಹೇಳಿದೆ. ಬಂಗಾರದ ಮಾತೇ ಬರಲಿಲ್ಲ ಅಂತ ಅವರಿಗೆ ಸಮಾಧಾನ. ಬೇಸಿಗೆಯಲ್ಲಿ ತಟ್ಟೋಕೆ ತಾವೂ ಕೂರ್ತೀನಿ ಅಂದ್ರು, ಕೂಲಿ ಎಷ್ಟು ಅಂತನೂ ಕೇಳಿದ್ರು.

ಲೆಕ್ಕದ ಮಂಡಿಪೇಟೆ:

ಕೊಡಿ. ಖಾತೆಯಿಂದಲೇ ಕೊಡಿ.

ಹರಿಹರ ಮದುವೆ ಮನೆ:

ಮೇಡಂ, ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. ಏಪ್ರಿಲ್ ಕೊನೆ ವಾರ ತಂಗಿ ಮದುವೆ, 600 ಕಡಕ್ ರೊಟ್ಟಿ ಬೇಕು. ಆಗುತ್ತಾ?

ನಿಟುವಳ್ಳಿ ರೊಟ್ಟಿ:

ಆಗುತ್ತೆ ಸರ್, ರಜೆ ಇರುತ್ತೆ. ರೊಟ್ಟಿಗೆ 10. ಅರ್ಧ ಅಡ್ವಾನ್ಸ್, ಉಳಿದದ್ದು ಡಬ್ಬ ಕೈಗೆ ಕೊಟ್ಟಾಗ. ಹೊಸ ಕ್ಯೂಆರ್ ಬಂದ ಮೇಲೆ ಮೆಸೇಜ್ ಮಾಡ್ತೀನಿ, ಹಳೇ ನಂಬರಿಗೆ ಹಾಕಬೇಡಿ.

ಹರಿಹರ ಮದುವೆ ಮನೆ:

600 ತಗೋತಿದ್ದೀವಲ್ಲ, 9 ಮಾಡ್ಕೊಳ್ಳಿ.

ನಿಟುವಳ್ಳಿ ರೊಟ್ಟಿ:

ಐದು ಕೆ.ಜಿ. ಶೇಂಗಾ ಚಟ್ನಿನೂ ಬರೆದುಕೊಳ್ಳಿ, ಆಮೇಲೆ ಮಾತಾಡೋಣ.